ಅಜ್ಜಿಯ ಎರಡು ಸೀಟಿನ ಕಾರು

ಸೀನಪ್ಪ ತಾತ ತೀರಿಕೊಂಡ ಮೇಲೆ ಬೆಂಗಳೂರಿನಿಂದ ನಮ್ಮ ಮನೆಗೆ ಬಂದದ್ದು ಅವನ ಕಾರು ಒಂದೇ. ಟೊಮೆಟೊ ಇಳಿಸಿ ಖಾಲಿ ವಾಪಸಾಗುತ್ತಿದ್ದ ಟೆಂಪೋದ ಹಿಂದೆ ಹಗ್ಗ ಕಟ್ಟಿಸಿಕೊಂಡು ಅದು ಶಿಡ್ಲಘಟ್ಟದ ನಮ್ಮ ಬೀದಿಗೆ ತಿರುಗಿದಾಗ ನಾನು ಜಗಲಿಯ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದೆ. ಕಾರಿನೊಳಗೆ ಸ್ಟೀರಿಂಗ್ ಹಿಡಿದು ಕೂತಿದ್ದವನು ಬೀದಿಯ ಕೊನೆಯಲ್ಲಿ ಗ್ಯಾರೇಜು ಇಟ್ಟಿದ್ದ ಅನ್ವರ್. ಅದನ್ನು ತರಲೆಂದು ಅಪ್ಪನೇ ಅವನನ್ನು ಕಳಿಸಿದ್ದ. ಅನ್ವರನ ಹುಬ್ಬು ಮೀಸೆಗಳೆಲ್ಲ ಧೂಳು ಕೂತು ಬೆಳ್ಳಗಾಗಿ, ಬೆಳಿಗ್ಗೆ ಹೋದ ಹುಡುಗ ಸಂಜೆಗೆ ಮುದುಕನಾಗಿ ಬಂದಂತಿದ್ದ. ಆದರೂ ಬಾಯಿ ತುಂಬ ನಗುತ್ತಿದ್ದ. ಕಾರು ನಮ್ಮ ಜಗಲಿಗಿಂತ ತಗ್ಗಾಗಿತ್ತು. ಮೇಲೆ ಹರಿದ ಬಟ್ಟೆಯ ಹೊದಿಕೆ, ಸೈಕಲ್ಲಿಗಿರುವ ಹಾಗೆ ಕಡ್ಡಿಗಳ ಚಕ್ರ, ಮುಂದೆ ಉಬ್ಬಿಕೊಂಡ ಎರಡು ದೀಪ, ಮೈಗೆ ಹಾಗಲಕಾಯಿಯ ಕಡು ಹಸಿರು. ಒಳಗೆ ಎರಡೇ ಸೀಟು. ಟೆಂಪೋದವನು ಹಗ್ಗ ಬಿಚ್ಚುವುದರೊಳಗೆ ಬೀದಿಯ ಮಕ್ಕಳು ಅದಕ್ಕೆ ಕಪ್ಪೆ ಕಾರು ಎಂದು ಹೆಸರಿಟ್ಟಾಗಿತ್ತು.

ಸೀನಪ್ಪ ತಾತ ನನ್ನ ಅಜ್ಜಿಯ ತಮ್ಮ. ಅಪ್ಪನ ತಾಯಿಯಾದ ಈ ಅಜ್ಜಿಯ ತವರು ಚಿಂತಾಮಣಿಯ ಆಚೆಗಿನ ತೆಲುಗು ಮಾತಿನ ಹಳ್ಳಿ. ತಮ್ಮ ಹುಟ್ಟಿದ ಕೆಲವೇ ದಿನಕ್ಕೆ ತಾಯಿ ತೀರಿಕೊಂಡಳಂತೆ. ಅಜ್ಜಿಗೆ ಆಗ ಇನ್ನೂ ಆಡುವ ವಯಸ್ಸು. ಆ ಕೂಸನ್ನು ಸೊಂಟದ ಮೇಲೆ ಹೊತ್ತು ಮೇಕೆ ಹಾಲು ಕುಡಿಸಿ ಬೆಳೆಸಿದವಳು ಅವಳೇ. ಕೂಸು ಬೆಳೆದು, ಓದಿ, ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರಾದ. ಮದುವೆಯಾಗಲಿಲ್ಲ. ದೇಶ ಬಿಟ್ಟು ಹೊರಟಿದ್ದ ಒಬ್ಬ ಪರದೇಶದವನಿಂದ ಈ ಕಾರು ಕೊಂಡ. ರೇಸಿನಲ್ಲಿ ಓಡುವ ಜಾತಿಯದು ಎಂದು ಹೇಳಿಕೊಳ್ಳುತ್ತಿದ್ದ. ಪ್ರತಿ ಗೌರಿ ಹಬ್ಬಕ್ಕೂ, ನಮ್ಮ ಅಜ್ಜ ತೀರಿಕೊಂಡ ಮೇಲೂ, ಬಾಗಿನ ಹಿಡಿದು ಅದರಲ್ಲೇ ಬರುವನು. ಬಾಗಿನ ಒಳಗಿಟ್ಟ ಮೇಲೆ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರೆ ಇಡೀ ದಿನ ಸಾದಲಿ, ಗೌರಿಬಿದನೂರು ಕಡೆಯೆಲ್ಲ ಸುತ್ತಿಸಿ ದೀಪ ಹಚ್ಚುವ ಹೊತ್ತಿಗೆ ತಂದು ಬಿಡುವನು. ಅಜ್ಜಿಗೆ ವರ್ಷದಲ್ಲಿ ಅದೊಂದು ದಿನ ಅಡುಗೆಯಿಲ್ಲ, ದನವಿಲ್ಲ, ಅತ್ತೆಯಿಲ್ಲ. ಕೊನೆಗೆ ಆಸ್ಪತ್ರೆಯಲ್ಲಿ ಮಲಗಿದ್ದಾಗ ತಾತ ಅಪ್ಪನನ್ನು ಕರೆಸಿಕೊಂಡು ಹೇಳಿದ್ದು ಇಷ್ಟೇ:

"ಗಾಡಿ ಅಕ್ಕಂಗೆ ಕೊಡಪ್ಪ. ಬೇರೆ ಯಾರಿಗೂ ಬೇಡ."

ಈಗ ಆ ಗಾಡಿಯನ್ನು ಇಡುವುದೆಲ್ಲಿ? ನಮ್ಮದು ಉದ್ದನೆಯ ಮನೆ. ಮುಂದೆ ಜಗಲಿ, ಆಮೇಲೆ ಅಪ್ಪ ಪೇಪರು ಓದುವ ಪಡಸಾಲೆ, ಆಮೇಲೆ ನಾವೆಲ್ಲ ಸಾಲಾಗಿ ಮಲಗುವ ನಡುಮನೆ, ಅಡುಗೆಮನೆ, ಅದರ ಬಾಗಿಲು ದಾಟಿದರೆ ಹಿತ್ತಲು. ಹಿತ್ತಲಿಗೆ ಸೇರಿದಂತೆ ಶೀಟು ಹೊದಿಸಿದ ಹುಳು ಮನೆ. ಅದು ಅಮ್ಮನ ರಾಜ್ಯ. ಅಪ್ಪ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಚಿಕ್ಕಬಳ್ಳಾಪುರದ ಕಚೇರಿಗೆ ಗುಮಾಸ್ತಿಕೆಗೆ ಹೋದರೆ, ಅಮ್ಮ ಹಿಂದಿನ ತೋಟದ ಹಿಪ್ಪುನೇರಳೆ ಸೊಪ್ಪು ಕೊಯ್ದು ರೇಷ್ಮೆ ಹುಳು ಸಾಕುತ್ತಿದ್ದಳು. ಹುಳುಗಳಿಗೆ ವಾಸನೆ ಆಗದು. ಅವು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಬಕಾಸುರರ ಹಾಗೆ ತಿನ್ನತೊಡಗಿದರೆ ಮನೆಗೆಲ್ಲ ಕಟ್ಟುನಿಟ್ಟು. ಒಗ್ಗರಣೆ ಘಾಟು ಬರುವಂತಿಲ್ಲ, ಅಪ್ಪ ಬೀಡಿ ಸೇದಬೇಕಾದರೆ ಬೀದಿಗೆ ಹೋಗಬೇಕು, ನಾನು ಪೌಡರು ಹಚ್ಚಿಕೊಂಡು ಹಿತ್ತಲಿಗೆ ಕಾಲಿಡುವಂತಿಲ್ಲ. ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುತ್ತಿದ್ದ ಅಜ್ಜಿ ಕೂಡ ಕೈ ಬಾಯಿ ತೊಳೆದು ಅಮ್ಮನಿಗೆ ಕೈ ಮೂಸಲು ಕೊಟ್ಟೇ ಒಳಗೆ ಹೋಗಬೇಕಾಗಿತ್ತು. ಹಿತ್ತಲ ಗೇಟಿನಿಂದ ಗಾಡಿ ಒಳಗೆ ತರುವಷ್ಟು ಅಗಲದ ಬಾಗಿಲು, ಮೇಲೆ ಸೂರು ಎರಡೂ ಇದ್ದ ಜಾಗ ಇಡೀ ಮನೆಯಲ್ಲಿ ಒಂದೇ ಇತ್ತು: ಹುಳು ಮನೆಯ ಮುಂದಿನ ಪಾಲು, ಕೊಯ್ದ ಸೊಪ್ಪು ರಾಶಿ ಹಾಕುವ ಕಡೆ.

"ಅಲ್ಲಿಗೆ ಬೇಡ ಅತ್ತೆ. ಪೆಟ್ರೋಲ್ ವಾಸನೆಗೆ ಒಂದು ಹುಳನೂ ಉಳಿಯಲ್ಲ," ಎಂದಳು ಅಮ್ಮ.

"ಪೆಟ್ರೋಲ್ ತೆಗ್ದುಬಿಡೋಣ. ತೊಟ್ಟೂ ಇರಬಾರ್ದು. ಅನ್ವರು, ಆಗ್ತದೇನಪ್ಪ?"

"ಆಗ್ತದೆ ಅಜ್ಜಿ. ಟ್ಯಾಂಕೇ ಬಿಚ್ಚಿ ಬಿಸಿಲಿಗೆ ಒಣಗಿಸಿಬಿಡ್ತೀನಿ."

"ಓಡದೇ ಇರೋ ಗಾಡಿ ಇಟ್ಕೊಂಡು ಏನ್ ಮಾಡ್ತೀರಿ ಅತ್ತೆ?"

"ನೋಡ್ಕೊತೀನಿ," ಎಂದಳು ಅಜ್ಜಿ.

ನೋಡಿಕೊಂಡಳು ಕೂಡ. ಟ್ಯಾಂಕು ಒಣಗಿಸಿ, ಇಂಜಿನ್ನಿನ ಜಿಡ್ಡು ಬೂದಿ ಹಾಕಿ ಉಜ್ಜಿ, ಅಮ್ಮ ಬಗ್ಗಿ ಮೂಸಿ ಒಪ್ಪಿದ ಮೇಲೆ ಗಾಡಿ ಒಳಗೆ ಬಂತು. ಸೊಪ್ಪಿನ ರಾಶಿ ಅಡುಗೆಮನೆಯ ಗೋಡೆಗೆ ಸರಿಯಿತು. ಅಂದಿನಿಂದ ಅಜ್ಜಿಯ ದಿನಚರಿಯೇ ಬೇರೆಯಾಯಿತು. ಬೆಳಿಗ್ಗೆ ತುಳಸಿಗೆ ನೀರು ಹಾಕಿದ ಕೈಯಲ್ಲೇ ಹಳೆಯ ಸೀರೆಯ ತುಂಡು ಹಿಡಿದು ಕಾರಿನ ಮುಂದೆ ಕೂರುವಳು. ಚಕ್ರದ ಒಂದೊಂದು ಕಡ್ಡಿಯನ್ನೂ ಬೆರಳ ಸಂದಿಯಲ್ಲಿ ಹಿಡಿದು, ಮಗುವಿನ ಕಾಲ್ಬೆರಳು ತೊಳೆಯುವವಳ ಹಾಗೆ ಒರೆಸುವಳು. ಚರ್ಮದ ಸೀಟು ಬಿರಿಯುತ್ತದೆಂದು ಕೊಬ್ಬರಿ ಎಣ್ಣೆ ತಿಕ್ಕಿದಳು. ಇರುವೆ ಮುತ್ತಿದಾಗ ಅಮ್ಮನ ಕೈಯಲ್ಲಿ ಬೈಸಿಕೊಂಡು ಎಲ್ಲ ಒರೆಸಿ ತೆಗೆದಳು. ಇಲಿ ಸೀಟಿನೊಳಗೆ ಮರಿ ಹಾಕಿದಾಗ ಮರಿಗಳನ್ನು ಮೊರದಲ್ಲಿ ತೆಗೆದುಕೊಂಡು ಹೋಗಿ ಬೇಲಿಯಾಚೆ ಬಿಟ್ಟು ಬಂದು, ಸೀಟಿನ ತೂತಿಗೆ ಬಟ್ಟೆ ಒತ್ತಿ ದಬ್ಬಣದಲ್ಲಿ ಹೊಲಿದಳು. ಸಂಜೆ ನಾನು ಸ್ಕೂಲಿನಿಂದ ಬಂದರೆ ಇಬ್ಬರೂ ಕಾರಿನಲ್ಲಿ ಕೂರುತ್ತಿದ್ದೆವು. ಅಷ್ಟು ತಗ್ಗಿನ ಸೀಟಿಗೆ ಇಳಿಯುವುದಕ್ಕೆ ಅಜ್ಜಿ ತನ್ನದೇ ಒಂದು ಉಪಾಯ ಕಂಡುಕೊಂಡಿದ್ದಳು. ಮೊದಲು ಬೆನ್ನು ತಿರುಗಿಸಿ ಕೂತು, ಆಮೇಲೆ ಒಂದೊಂದೇ ಕಾಲನ್ನು ಕೈಯಲ್ಲೆತ್ತಿ ಒಳಗಿಟ್ಟುಕೊಳ್ಳುವಳು. ಬಲಗಡೆ ಸ್ಟೀರಿಂಗ್ ಹಿಡಿದು ನಾನು. ಹಿಂದೆ ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಮೇಯುವ ಸದ್ದು.

"ಎಲ್ಲಿಗೆ ಹೋಗೋಣ ಪಾಪಾ ಇವತ್ತು?"

"ನಂದಿ ಬೆಟ್ಟಕ್ಕಜ್ಜಿ."

"ಬೇಡ, ಅಲ್ಲಿ ಚಳಿ. ನಾ ತಮ್ಮುಡು ಒಂದ್ಸಲ ಕರ್ಕೊಂಡು ಹೋಗಿದ್ದ. ಸೆರಗು ಬಿಡಕ್ಕ, ಗಾಳಿಗೆ ಹಾರಲಿ ಅಂದ. ಬಿಟ್ಟೆ. ಹಾರಿ ಅವನ ಮುಖಕ್ಕೇ ಸುತ್ಕೊಂತು. ಗಾಡಿ ಸೀದಾ ಜೋಳದ ಹೊಲಕ್ಕೇ ಹೋಯ್ತು!"

ಹೀಗೆ ನಾವು ಗೋಡೆ ನೋಡುತ್ತಲೇ ಎಷ್ಟೋ ಊರು ತಿರುಗಿದೆವು. ಅಜ್ಜಿಯ ಬಾಯಿಂದ ನಾನು ಕೇಳಿದ ಕಥೆಗಳಲ್ಲಿ ಅವಳು ನಗುತ್ತಿದ್ದದ್ದು ಆ ಕಾರಿನ ಕಥೆಗಳಲ್ಲಿ ಮಾತ್ರ. ಅಡುಗೆಮನೆಯಲ್ಲಿ ಹೇಳುತ್ತಿದ್ದ ಕಥೆಗಳೇ ಬೇರೆ. ಅಲ್ಲಿ ಅವಳ ಅತ್ತೆ ಇರುತ್ತಿದ್ದಳು, ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದ ಸಾರಿರುತ್ತಿತ್ತು.

ಅಪ್ಪನಿಗೆ ಕಾರು ಕಂಡರೆ ಮುಜುಗರ. ಕಚೇರಿಯಲ್ಲಿ ಯಾರೋ "ಏನ್ರೀ, ರೇಸ್ ಕಾರಿಟ್ಕೊಂಡು ಬಸ್ಸಲ್ಲಿ ಬರ್ತೀರಂತೆ?" ಎಂದು ಕೇಳಿ ನಕ್ಕಿದ್ದರು. ಅಂದು ರಾತ್ರಿ ಊಟಕ್ಕೆ ಕೂತಾಗ ಅವನ ಮುದ್ದೆ ತಟ್ಟೆಯಲ್ಲಿ ಹಾಗೇ ಇತ್ತು.

"ಅಮ್ಮ, ನಾಕು ಜನದ ಸಂಸಾರಕ್ಕೆ ಎರಡು ಸೀಟಿನ ಗಾಡಿ. ಯಾರು ಕೂರಬೇಕು, ಯಾರು ಇಳೀಬೇಕು ಹೇಳು. ಮಾರಿಬಿಡೋಣ."

"ನಾನು ಸತ್ತ ಮೇಲೆ ಮಾರ್ಕೊ."

"ಈಗ ಸಾಯೋ ಮಾತ್ಯಾಕೆ?"

"ನೀನು ಮಾರೋ ಮಾತಾಡಿದ್ರೆ ನಾನು ಸಾಯೋ ಮಾತಾಡ್ತೀನಿ."

ಅಪ್ಪ ಬಹಳ ಸಣ್ಣ ದನಿಯಲ್ಲಿ ಕೇಳಿದ:

"ನನ್ನನ್ನ ಒಂದ್ಸಲನಾದ್ರೂ ಅದರಲ್ಲಿ ಕೂರಿಸ್ಕೊಂಡು ಹೋಗಿದ್ರಾ ನೀನೂ ಮಾವನೂ?"

ಅಜ್ಜಿ ಉಪ್ಸಾರಿನ ಪಾತ್ರೆ ಹತ್ತಿರ ಎಳೆದುಕೊಂಡು ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿ, ಮೇಲೆ ಖಾರ ಹಾಕಿ, ಅವನು ಒಂದು ತುತ್ತು ಮುರಿಯುವವರೆಗೂ ನೋಡುತ್ತಾ ಕೂತಳು. ಮರುವಾರ ಅಪ್ಪ ಯಾರಿಗೂ ಹೇಳದೆ ಆರ್‌ಟಿಓ ಕಚೇರಿಗೆ ಅಲೆದು ಕಾರಿನ ಕಾಗದಪತ್ರವೆಲ್ಲ ಅಜ್ಜಿಯ ಹೆಸರಿಗೆ ಮಾಡಿಸಿಕೊಂಡು ಬಂದ. ಅವನ ಸ್ವಭಾವವೇ ಹಾಗೆ. ಬಾಯಲ್ಲಿ ಬೇಡವೆಂದದ್ದನ್ನು ಕೈಯಲ್ಲಿ ಮಾಡಿಕೊಡುತ್ತಿದ್ದ.

ಅನ್ವರನಿಗೆ ಮಾತ್ರ ಕಾರು ಓಡದೆ ನಿಂತಿರುವುದು ಸಂಕಟ. ಶುಕ್ರವಾರದ ನಮಾಜು ಮುಗಿಸಿ ಬಿಳಿ ಪೈಜಾಮದಲ್ಲೇ ಬರುವನು, ಇಂಜಿನ್ನಿನ ಮುಚ್ಚಳ ಎತ್ತಿ ಬಗ್ಗಿ ನಿಲ್ಲುವನು. ಟೆಂಪೋ, ಟ್ರ್ಯಾಕ್ಟರ್, ನೂಲು ತೆಗೆಯುವ ಮೆಷಿನ್ನಿನ ಮೋಟರು ಇವಷ್ಟೇ ಅವನಿಗೆ ಗೊತ್ತಿದ್ದದ್ದು. ಇದರೊಳಗೆ ಅರ್ಧಕ್ಕರ್ಧ ಅವನಿಗೆ ಅರ್ಥವಾಗುತ್ತಿರಲಿಲ್ಲ. ಬಿಚ್ಚಿದ್ದನ್ನು ಮತ್ತೆ ಜೋಡಿಸಲಾಗದೆ ಎಷ್ಟೋ ಸಲ ತಲೆ ಕೆರೆದುಕೊಂಡು ಹೋಗಿದ್ದಾನೆ. ಆದರೂ ಬಿಡಲಿಲ್ಲ. ಒಣಗಿದ ರಬ್ಬರು ಬದಲಾಯಿಸಿದ, ಟೈರು ಹುಡುಕಿ ತಂದ, ಬ್ರೇಕು ಹಿಡಿಯುವ ಹಾಗೆ ಮಾಡಿದ. ಒಂದು ದಿನ ಅಮ್ಮ ಸಾದಲಿಯ ಬಂಧುಗಳ ಮನೆಯ ನಾಮಕರಣಕ್ಕೆ ಹೋಗಿದ್ದಳು. ಅನ್ವರ್ ಅಜ್ಜಿಯ ಹತ್ತಿರ ಬಂದು ಕೂತ.

"ಅಜ್ಜಿ, ಒಂದೇ ಒಂದು ಸಲ ಸ್ಟಾರ್ಟ್ ಮಾಡಿ ನೋಡ್ತೀನಿ. ಒಂದು ಬಾಟ್ಲಿ ಪೆಟ್ರೋಲ್ ಸಾಕು. ಹೊರಗೆ ತಳ್ಳಿ ಮಾಡಣ."

ಅಜ್ಜಿಗೆ ಆಸೆ ತಡೆಯಲಿಲ್ಲ. ಇಬ್ಬರೂ ಸೇರಿ ತಳ್ಳಿದರೆ ಹೊಸ್ತಿಲ ಹತ್ತಿರ ಚಕ್ರ ಸಿಕ್ಕಿಕೊಂಡಿತು. ಅರ್ಧ ಒಳಗೆ, ಅರ್ಧ ಹೊರಗೆ. ಅಲ್ಲೇ ಆಗಲಿ ಎಂದುಕೊಂಡರು. ನಾನು ಸ್ಕೂಲಿನಿಂದ ಬರುವಾಗ ಬೀದಿಗೇ ಕೇಳುವ ಹಾಗೆ ಗುಡುಗಿನ ಸದ್ದು. ಓಡಿ ಬಂದು ನೋಡಿದರೆ ಅಜ್ಜಿ ಬಾನೆಟ್ಟಿನ ಮೇಲೆ ಎರಡೂ ಕೈಯಿಟ್ಟು, ಅದರ ನಡುಕಕ್ಕೆ ತಾನೂ ನಡುಗುತ್ತಾ, ಕಣ್ಣೀರು ಸುರಿಸಿಕೊಂಡು ನಗುತ್ತಿದ್ದಳು. ಹಿಂದಿನಿಂದ ಹೊರಟ ಕಪ್ಪು ಹೊಗೆ ಸೀದಾ ಹುಳು ಮನೆಯ ಒಳಗೆ ತುಂಬುತ್ತಿದ್ದದ್ದು ಮೊದಲು ಕಂಡವನು ಅನ್ವರ್. ಇಂಜಿನ್ ಆರಿಸಿದ. ಬಾಗಿಲು ಕಿಟಕಿಗಳನ್ನೆಲ್ಲ ತೆಗೆದು ಗೋಣಿಚೀಲ ಬೀಸಿದರು. ಸಂಜೆ ಬಂದ ಅಮ್ಮ ಬೀದಿಯಲ್ಲೇ ನಿಂತು ಗಾಳಿ ಮೂಸಿದಳು. ಸೀರೆ ಕೂಡ ಬದಲಿಸದೆ ಸೀದಾ ಹುಳು ಮನೆಗೆ ಹೋದಳು.

ಮರುದಿನ ಹುಳುಗಳು ಸೊಪ್ಪಿನ ಮೇಲೆ ತಲೆಯೆತ್ತದೆ ಬಿದ್ದಿದ್ದವು. ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕಾಗಿದ್ದ ಹುಳುಗಳು. ಹೊಗೆಯಿಂದಲೋ, ಆಗ ಊರಲ್ಲೆಲ್ಲ ಹಬ್ಬಿದ್ದ ಸಪ್ಪೆ ರೋಗದಿಂದಲೋ, ಇಂದಿಗೂ ಹೇಳಲಾರೆ. ಅಪ್ಪ ಗುಂಡಿ ತೋಡಿದ. ಅಮ್ಮ ತಟ್ಟೆ ತಟ್ಟೆಯನ್ನೇ ತಂದು ಸುರಿದು ಮೇಲೆ ಸುಣ್ಣ ಹಾಕಿದಳು. ಅನ್ವರ್ ಬಂದು ಗೇಟಿನ ಹೊರಗೇ ನಿಂತು, "ತಪ್ಪಾಯ್ತಕ್ಕ, ನಂದೇ ತಪ್ಪು," ಎಂದ. ಅಮ್ಮ, "ಹೋಗಪ್ಪ, ನೀನೇನು ಮಾಡ್ತಿ," ಎಂದು ಒಳಗೆ ಬಂದಳು. ಆದರೆ ಅಜ್ಜಿಯ ಜೊತೆ ಮಾತು ಬಿಟ್ಟಳು. ಜಗಳವಾಡಿದ್ದರೆ ನಮಗೆಲ್ಲ ಎಷ್ಟೋ ಹಗುರವಾಗುತ್ತಿತ್ತು. ಅಮ್ಮ ಅಜ್ಜಿಗೆ ಹೊತ್ತು ಹೊತ್ತಿಗೆ ಬಡಿಸುತ್ತಿದ್ದಳು, ಸ್ನಾನಕ್ಕೆ ನೀರು ತೋಡುತ್ತಿದ್ದಳು, ಕಾಲಿಗೆ ಎಣ್ಣೆ ಬಿಸಿ ಮಾಡಿ ಇಡುತ್ತಿದ್ದಳು. ಮಾತು ಮಾತ್ರ ನನ್ನ ಮೂಲಕ. "ಅಜ್ಜಿಗೆ ಊಟಕ್ಕೆ ಬಾ ಅನ್ನು." "ಅಮ್ಮಂಗೆ ಹಸಿವಿಲ್ಲ ಅನ್ನು." ನಡುಮನೆಗೂ ಅಡುಗೆಮನೆಗೂ ನಡುವಿನ ಹೊಸ್ತಿಲ ಮೇಲೆ ನಿಂತು ಇಬ್ಬರ ಮಾತನ್ನೂ ದಾಟಿಸುತ್ತಾ ನಾನು ಒಂದು ವಿದ್ಯೆ ಕಲಿತೆ. ಅಮ್ಮ ಬಿರುಸಾಗಿ ಹೇಳಿದ್ದನ್ನು ಅಜ್ಜಿಯ ಹತ್ತಿರ ಮೆತ್ತಗೆ ಹೇಳುವುದು, ಅಜ್ಜಿ ಹೇಳದೆ ನುಂಗಿದ್ದನ್ನು ಅಮ್ಮನಿಗೆ ಸೇರಿಸಿ ಹೇಳುವುದು. ಇಂದಿಗೂ ನಾನು ಮನುಷ್ಯರ ನಡುವೆ ಬದುಕುತ್ತಿರುವುದು ಆ ವಿದ್ಯೆಯಿಂದಲೇ.

ಅಜ್ಜಿ ಕಾರಿನಲ್ಲಿ ಕೂರುವುದನ್ನು ನಿಲ್ಲಿಸಿದಳು. ನಾನು ಕರೆದರೂ ಬರಲಿಲ್ಲ. ಹುಳುವಿನ ಹೊಸ ಮೊಟ್ಟೆ ತರುವ ದಿನ ಹತ್ತಿರವಾದಾಗ, ಒಂದು ಮಧ್ಯಾಹ್ನ ಅಮ್ಮ ತೋಟದಲ್ಲಿದ್ದ ಹೊತ್ತು ನೋಡಿ, ಅನ್ವರನನ್ನು ಕರೆಸಿ ಕಾರನ್ನು ಹಿತ್ತಲ ಹುಣಸೆಮರದ ಕೆಳಗೆ ತಳ್ಳಿಸಿದಳು. ಸೊಪ್ಪು ಹಾಕುವ ಜಾಗವನ್ನು ತಾನೇ ಗುಡಿಸಿ, ಸೆಗಣಿ ಸಾರಿಸಿ, ಅಡುಗೆಮನೆ ಗೋಡೆಗಿದ್ದ ಸೊಪ್ಪಿನ ಬುಟ್ಟಿಗಳನ್ನು ಅವುಗಳ ಹಳೇ ಜಾಗಕ್ಕೆ ತಂದಿಟ್ಟಳು. ಅಮ್ಮ ಬಂದು ಎಲ್ಲ ನೋಡಿದಳು. ಕೈಕಾಲು ತೊಳೆದು ಅಡುಗೆಮನೆಗೆ ಹೋದಳು. ಸಂಜೆಗೆ ಮಳೆ ಶುರುವಾಯಿತು. ನಮ್ಮ ಕಡೆ ಮಳೆ ಬರುವುದೇ ಅಪರೂಪ, ಬಂದರೆ ಎಲ್ಲರೂ ಜಗಲಿಗೆ ಬಂದು ನೋಡುತ್ತೇವೆ. ಅಂದು ಜಗಲಿಯಲ್ಲಿ ಅಜ್ಜಿ ಇರಲಿಲ್ಲ. ಹಿತ್ತಲಿಗೆ ಹೋಗಿ ನೋಡಿದರೆ ತಾನು ಹೊದೆಯುವ ಕಂಬಳಿಯನ್ನು ಕಾರಿನ ಹರಿದ ಹೊದಿಕೆಯ ಮೇಲೆ ಹಾಕಿ, ಗಾಳಿಗೆ ಹಾರದಂತೆ ಎರಡು ಕೈಯಲ್ಲೂ ಒತ್ತಿ ಹಿಡಿದು ನೆನೆಯುತ್ತಾ ನಿಂತಿದ್ದಳು. ಅಮ್ಮ ನನ್ನ ಪಕ್ಕದಲ್ಲಿ ಬಂದು ನಿಂತು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹುಳು ಮನೆಗೆ ಹೋಗಿ, ಚಳಿಗಾಲದಲ್ಲಿ ಕಿಟಕಿಗಳಿಗೆ ಕಟ್ಟುವ ದೊಡ್ಡ ಟಾರ್ಪಾಲನ್ನು ಎಳೆದುಕೊಂಡು ಮಳೆಯೊಳಗೆ ನಡೆದಳು.

"ಆ ತುದಿ ಹಿಡೀರಿ ಅತ್ತೆ. ಬಿಗಿಯಾಗಿ. ಹಂಗಲ್ಲ, ಕೆಳಗಿಂದ ಎಳೀರಿ."

"ಹಿಡ್ದಿದೀನಿ ಕಣೇ."

"ಜ್ವರ ಬರಿಸ್ಕೊತೀರ. ಒಳಗೆ ನಡೀರಿ."

"ನೀನೂ ನಡಿ."

ಇಷ್ಟೇ ಮಾತು. ಒಳಗೆ ಬಂದು ಅಮ್ಮ ಅಜ್ಜಿಯ ತಲೆ ಒರೆಸಿ, ಒಲೆಯ ಮುಂದೆ ಕೂರಿಸಿ, ಮೆಣಸು ಜೀರಿಗೆ ಕುಟ್ಟಿ ಕಷಾಯ ಕಾಯಿಸಿದಳು. ನನ್ನ ದೂತಿಯ ಕೆಲಸ ಅಂದಿಗೆ ಮುಗಿಯಿತು. ಮುಂದಿನ ವಾರ ಹಿತ್ತಲಿನ ಆ ತುದಿಯಲ್ಲಿ, ಹುಳು ಮನೆಗೆ ಗಾಳಿ ಬೀಸದ ದಿಕ್ಕು ನೋಡಿ, ಅಮ್ಮ ತೆಂಗಿನ ಗರಿಯ ಚಪ್ಪರ ಹಾಕಿಸಿದಳು. ಪಕ್ಕಕ್ಕೆ ಗೋಡೆಯಾಗಿ, ಹುಳು ಗೂಡು ಕಟ್ಟಲೆಂದು ಬಿಡುವ ಹಳೆಯ ಬಿದಿರಿನ ಚಂದ್ರಂಕಿಗಳನ್ನೇ ನಿಲ್ಲಿಸಿದಳು. ಟಾರ್ಪಾಲು ಕತ್ತರಿಸಿ ಕಾರಿಗೆ ಹೊಸ ಹೊದಿಕೆಯನ್ನೂ ಹೊಲಿದಳು.

ಓಡಿಸುವವರು ಯಾರು ಎಂಬ ಪ್ರಶ್ನೆ ಆಮೇಲೆ ಬಂತು. ಅಪ್ಪನಿಗೆ ಸೈಕಲ್ಲೇ ಭಯ. ಅನ್ವರ್ ಓಡಿಸಿದರೆ ಅಜ್ಜಿ ಪಕ್ಕದಲ್ಲಿ ಕೂರುತ್ತಿದ್ದಳು, ಆದರೆ ಅವನಿಗೆ ಗ್ಯಾರೇಜಿನ ಕೆಲಸ. ಒಂದು ದಿನ ಕಾಫಿ ಕುಡಿಯುತ್ತಾ ಅಜ್ಜಿ ಅಮ್ಮನ ಮುಖ ನೋಡಿದಳು.

"ರತ್ನ, ನೀನ್ಯಾಕೆ ಕಲೀಬಾರ್ದು?"

"ನಾನಾ? ನಗ್ತಾರೆ ಅತ್ತೆ."

"ನಗಲಿ ಬಿಡು. ನಾನು ಹೇಳ್ಕೊಡ್ತೀನಿ."

"ನಿಮಗೇನು ಬರ್ತದೆ?"

"ಅಷ್ಟು ವರ್ಷ ಪಕ್ಕದಲ್ಲಿ ಕೂತು ಸೀನನ ಕಾಲು ನೋಡಿಲ್ವಾ!"

ಅಮ್ಮ ಕಲಿತದ್ದು ಊರಾಚೆಯ ಕೆರೆಯಂಗಳದಲ್ಲಿ. ಕೆರೆ ಬತ್ತಿ ಎಷ್ಟೋ ಕಾಲವಾಗಿ ನೆಲ ಗಟ್ಟಿಯಾಗಿತ್ತು. ಗುದ್ದುವುದಕ್ಕೆ ಜಾಲಿ ಗಿಡಗಳು ಬಿಟ್ಟರೆ ಏನೂ ಇರಲಿಲ್ಲ. ಅನ್ವರ್ ಅಲ್ಲಿಯವರೆಗೆ ಕಾರು ತಂದುಕೊಟ್ಟು ಪಕ್ಕದಲ್ಲಿ ಓಡುತ್ತಿದ್ದ, ಅಜ್ಜಿ ಎಡಗಡೆ ಸೀಟಿನಲ್ಲಿ ಕೂತು ಹೇಳಿಕೊಡುತ್ತಿದ್ದಳು.

"ಎಡಗಾಲು ಪೂರ್ತಿ ತುಳಿ. ಈಗ ಕೋಲು ಮುಂದಕ್ಕೆ ತಳ್ಳು. ಎಡಗಾಲು ಮೆಲ್ಲಗೆ ಬಿಡು, ಮೆಲ್ಲಗೆ... ಉಸಿರು ಹಿಡ್ಕೊ! ಸೀನ ಕಾಲು ಬಿಡೋವಾಗ ಉಸಿರು ಹಿಡ್ಕೊತಿದ್ದ."

"ಅಜ್ಜಿ, ಉಸಿರಿಗೂ ಅದಕ್ಕೂ ಸಂಬಂಧ ಇಲ್ಲ!" ಎಂದು ಅನ್ವರ್ ಏದುಸಿರಿನಲ್ಲಿ ಕೂಗುವನು.

ಅಮ್ಮ ಉಸಿರು ಹಿಡಿಯುವಳು, ಕಾರು ಕುಪ್ಪಳಿಸಿ ನಿಲ್ಲುವುದು. ಬೀದಿಯ ಮಕ್ಕಳಿಟ್ಟ ಹೆಸರು ಸರಿಯಾಗಿತ್ತೆಂದು ನಾವೆಲ್ಲ ನಕ್ಕೆವು. ಅಮ್ಮ ನಮ್ಮೆಲ್ಲರಿಗಿಂತ ಜೋರಾಗಿ ನಕ್ಕಳು. ಹುಳು ಇದ್ದಾಗ ಅವಳು ನಗುವುದನ್ನು ನಾನು ಕಂಡವಳೇ ಅಲ್ಲ. ಎರಡು ಬೆಳೆಗಳ ನಡುವೆ, ಹುಳು ಮನೆ ತೊಳೆದು ಬರಿದಾಗಿ ಇಟ್ಟಿರುವ ದಿನಗಳಲ್ಲಿ ಮಾತ್ರ ಅವಳು ಕಾರಿಗೆ ಕೈ ಹಾಕುತ್ತಿದ್ದಳು. ಹೀಗೆ ಕಲಿತು, ಚಿಕ್ಕಬಳ್ಳಾಪುರಕ್ಕೆ ಹೋಗಿ ಲೈಸೆನ್ಸೂ ತಂದಳು. ಮೊದಲ ಸಲ ಪೇಟೆಯೊಳಗೆ ಓಡಿಸಿದ್ದು ಅಪ್ಪನಿಗೆ ಬಸ್ಸು ತಪ್ಪಿಹೋಗುವ ಹಾಗಿದ್ದ ಒಂದು ಬೆಳಿಗ್ಗೆ. "ಹತ್ತಿ," ಎಂದಳು. ಅಪ್ಪ ಎಡಕ್ಕೂ ಬಲಕ್ಕೂ ನೋಡಿ ಹತ್ತಿದ. ರೇಷ್ಮೆ ಗೂಡಿನ ಮಾರ್ಕೆಟ್ಟಿನ ಮುಂದೆ ಹೋಗುವಾಗ ಊಟದ ಬ್ಯಾಗನ್ನು ಮುಖಕ್ಕೆ ಅಡ್ಡ ಹಿಡಿದಿದ್ದನಂತೆ. ವಾಪಸು ಬಂದ ಅಮ್ಮ ಇದನ್ನು ಹೇಳಿದಾಗ ಅಜ್ಜಿ ನಗಲಿಲ್ಲ. "ಅವನನ್ನ ದಿನಾ ಕರ್ಕೊಂಡು ಹೋಗು ರತ್ನ. ನನ್ನ ಸೀಟೇ ಕೊಡು," ಎಂದಳು. ದಿನಾ ಆಗಲಿಲ್ಲ, ಆದರೆ ಆಗಾಗ ಆಯಿತು. ಬರುಬರುತ್ತಾ ಅಪ್ಪ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂರತೊಡಗಿದ.

ಅಜ್ಜಿಗೆ ಉಬ್ಬಸ ಶುರುವಾದ ವರ್ಷ, ಗೌರಿ ಹಬ್ಬದ ಬೆಳಿಗ್ಗೆ, ಅಮ್ಮ ಒಂದು ಮೊರದ ಬಾಗಿನ ಸಿದ್ಧಮಾಡಿ ಅಜ್ಜಿಯ ಕೈಗೆ ಕೊಟ್ಟು ನಮಸ್ಕಾರ ಮಾಡಿ, "ನಡೀರಿ ಅತ್ತೆ, ನಿಮ್ಮೂರಿಗೆ," ಎಂದಳು. ಸೀಟುಗಳ ಹಿಂದಿನ ಸಾಮಾನಿಡುವ ಜಾಗದಲ್ಲಿ ನಾನು ಮುದುರಿಕೊಂಡೆ. ಚಿಂತಾಮಣಿ ದಾಟಿ, ಬಂಡೆಗಳ ನಡುವಿನ ರಸ್ತೆ ಹಿಡಿದು, ಅಜ್ಜಿ ಹುಟ್ಟಿದ ಹಳ್ಳಿಗೆ ಹೋದೆವು. ಅವಳ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ಮೊಮ್ಮಕ್ಕಳೆಲ್ಲ ಹೊರಗೆ ಬಂದರು. ಅಜ್ಜಿ ಕಾರಿನಿಂದ ಇಳಿಯಲಿಲ್ಲ. ಕೂತಲ್ಲೇ ಚೊಂಬಿನ ನೀರು ಕುಡಿದು, ಒಬ್ಬೊಬ್ಬರ ಗಲ್ಲ ಮುಟ್ಟಿ ತೆಲುಗಿನಲ್ಲಿ ಮಾತಾಡಿಸಿ, ಬಾವಿ ಇದ್ದ ಕಡೆ, ಬೇವಿನಮರ ಇದ್ದ ಕಡೆ ಬಹಳ ಹೊತ್ತು ನೋಡಿದಳು. ತಮ್ಮನನ್ನು ಹೊತ್ತುಕೊಂಡು ತಿರುಗಿದ ಜಾಗಗಳಿರಬೇಕು, ನಾವು ಕೇಳಲಿಲ್ಲ. "ಸಾಕು, ನಡಿ," ಎಂದಳು ಕೊನೆಗೆ. ವಾಪಸು ಬರುವಾಗ ಹೊದಿಕೆ ತೆಗೆಸಿದಳು. ಗಾಳಿಗೆ ಅವಳ ಬಿಳಿ ಕೂದಲು ಬಿಚ್ಚಿ ನನ್ನ ಮುಖಕ್ಕೆ ತಾಗುತ್ತಿತ್ತು.

"ರತ್ನ, ಇದು ನಿಂದು. ನಾನು ಹೋದ ಮೇಲೆ ನೀನೇ ಇಟ್ಕೊ."

"ನನಗ್ಯಾಕತ್ತೆ, ನಿಮ್ಮ ಮಗ ಇದಾರಲ್ಲ."

"ಅವನಿಗೆ ಮನೆ ಇದೆ, ತೋಟ ಇದೆ. ನಿನಗೆ ಅಂತ ಏನಿದೆ?"

ಅಮ್ಮ ರಸ್ತೆಯನ್ನೇ ನೋಡುತ್ತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೆ ಹೊರಡಿಸಿದಳು.

ಆ ಚಳಿಗಾಲ ದಾಟುವುದರೊಳಗೆ ಅಜ್ಜಿ ಹೋದಳು. ಮಲಗಿದ್ದವಳು ಹಾಗೇ ಹೋದಳು. ತಿಥಿಗೆ ಬಂದ ನೆಂಟರೆಲ್ಲ ಚಪ್ಪರದ ಕೆಳಗಿನ ಕಾರನ್ನು ನೋಡಿ, ಇನ್ನೇನು ಮಾರುತ್ತಾರೆ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಸುದ್ದಿ ಹೇಗೆ ಹರಡಿತೋ, ಕೆಲವು ವಾರಗಳಲ್ಲೇ ಬೆಂಗಳೂರಿನಿಂದ ಹಳೇ ಕಾರುಗಳ ಶೋಕಿಯವರೊಬ್ಬರು ಹುಡುಕಿಕೊಂಡು ಬಂದರು. ಅಂದು ಭಾನುವಾರ. ಅಪ್ಪ ಜಗಲಿಯಲ್ಲಿ ಪೇಪರು ಓದುತ್ತಿದ್ದ. ಬಂದವರು ಹಿತ್ತಲಿಗೆ ಹೋಗಿ ಕಾರನ್ನು ಸುತ್ತಿ ಸುತ್ತಿ ನೋಡಿ, ಚಕ್ರ ಮುಟ್ಟಿ, ಸೀಟಿನ ಹೊಲಿಗೆ ಮುಟ್ಟಿ, ಬಹಳ ಖುಷಿಯಿಂದ ಜಗಲಿಗೆ ವಾಪಸು ಬಂದರು.

"ಎಷ್ಟು ಚೆನ್ನಾಗಿ ಇಟ್ಟಿದೀರಿ ಸಾರ್! ನೀವು ಒಂದು ಮಾತು ಹೇಳಿ, ಈಗಲೇ ಮುಗಿಸಿಬಿಡೋಣ."

ನಾನು ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಪೇಪರನ್ನು ಮಡಿಸಿದ.

"ಗಾಡಿ ನಂದಲ್ಲ ಸ್ವಾಮಿ. ನಮ್ಮ ಮನೆಯವಳದು."

"ಓ, ಮೇಡಮ್ಮು ಎಲ್ಲಿ? ಕರೀರಿ, ಮಾತಾಡೋಣ."

"ಹುಳಕ್ಕೆ ಸೊಪ್ಪು ಹಾಕ್ತಿದಾಳೆ. ನಡುವೆ ಕರೆಯೋ ಹಂಗಿಲ್ಲ. ಕೂತ್ಕೊಳ್ಳಿ."

ಬಂದವರು ಕೂತರು. ಅಪ್ಪನೇ ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದ, ಸಕ್ಕರೆ ಜಾಸ್ತಿಯಾಗಿತ್ತು. ಬಹಳ ಹೊತ್ತಾದ ಮೇಲೆ ಅಮ್ಮ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ವಿಷಯ ಕೇಳಿ ಅಪ್ಪನ ಕಡೆ ನೋಡಿದಳು. ಅಪ್ಪ ಬೀದಿಯ ಕಡೆ ನೋಡುತ್ತಿದ್ದ.

"ಕೊಡೋದಿಲ್ಲಪ್ಪ," ಎಂದಳು ಬಂದವರಿಗೆ. "ಅಷ್ಟು ದೂರದಿಂದ ಬಂದಿದೀರಿ. ಊಟ ಮಾಡ್ಕೊಂಡು ಹೋಗಿ."